ಕುದುರೆಮುಖ: ಮಳೆ ಹದ ಮಾಡಿದ ಅದಿರು, ಮಳೆ ಕೊಂಡೊಯ್ದ ಮಣ್ಣು

ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಅದರ ಮಾತು ಬಂದಾಗಲೆಲ್ಲ ಎರಡು ಕಥೆ ಕೇಳುತ್ತವೆ. ಕಾಡು ಗೆದ್ದಿತು ಎಂಬುದು ಒಂದು, ಚೆನ್ನಾಗಿ ನಡೆಯುತ್ತಿದ್ದ ಸರ್ಕಾರಿ ಕಂಪನಿಯೊಂದು ನೆಲೆ ಕಳೆದುಕೊಂಡಿತು ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಎರಡರಲ್ಲೂ ಅದಿರಿನ ಮಾತು ಬರುವುದಿಲ್ಲ. ಆ ಗಣಿ ಯಾಕೆ ಹುಟ್ಟಿತು, ಯಾಕೆ ಲಾಭ ಮಾಡಿತು, ಯಾಕೆ ನದಿಗೆ ಹೊರೆಯಾಯಿತು ಎಂಬ ಮೂರು ಪ್ರಶ್ನೆಗೂ ಉತ್ತರ ಅದಿರಿನಲ್ಲೇ ಇದೆ. ಲಕ್ಷಾಂತರ ವರ್ಷಗಳಿಂದ ಆ ಅದಿರಿನ ಮೇಲೆ ಸುರಿದ ಮಳೆಯಲ್ಲಿದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿರುವುದನ್ನು ಗುರುತಿಸಿದ್ದರು. ಮುಂದಿನ ಅರ್ಧ ಶತಮಾನ ಅದನ್ನು ಯಾರೂ ಮುಟ್ಟಲಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಬಳ್ಳಾರಿ, ಸಂಡೂರಿನ ಕಡೆ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಕಬ್ಬಿಣವಿರುವ ಹೆಮಟೈಟ್ ಬೆಟ್ಟಗಳೇ ಇದ್ದವು. ಅಗೆದು, ಒಡೆದು, ಜರಡಿ ಹಿಡಿದು ನೇರವಾಗಿ ಕುಲುಮೆಗೆ ಹಾಕಬಹುದಾದ ಅದಿರು ಅದು. ಕುದುರೆಮುಖದ್ದು ಹಾಗಲ್ಲ. ಅಲ್ಲಿರುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಮತ್ತು ಬೆಣಚುಕಲ್ಲು ಪಟ್ಟೆಪಟ್ಟೆಯಾಗಿ ಹೆಣೆದುಕೊಂಡ ಬಂಡೆ. ಇನ್ನೂರೈವತ್ತು ಕೋಟಿ ವರ್ಷಕ್ಕಿಂತಲೂ ಹಿಂದಿನದು. ಅದರಲ್ಲಿ ಕಬ್ಬಿಣ ನೂರಕ್ಕೆ ಮೂವತ್ತರಿಂದ ನಲವತ್ತರ ಒಳಗೆ. ಹಾಗೇ ಕುಲುಮೆಗೆ ಹಾಕಿದರೆ ಕಬ್ಬಿಣಕ್ಕಿಂತ ಕಿಟ್ಟವೇ ಹೆಚ್ಚು ಬರುತ್ತದೆ.

ಇಂಥ ಬಡ ಅದಿರಿಗೂ ಒಂದು ಸಿರಿತನ ಇದೆ, ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಅಂಟುತ್ತದೆ. ಬಂಡೆಯನ್ನು ಸಾಕಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದ ಉರುಳೆಯ ಮುಂದೆ ಹರಿಯಬಿಟ್ಟರೆ ಕಬ್ಬಿಣದ ಕಣ ಉರುಳೆಗೆ ಹಿಡಿದುಕೊಳ್ಳುತ್ತದೆ, ಬೆಣಚಿನ ಕಣ ನೀರಿನೊಡನೆ ಮುಂದೆ ಹೋಗುತ್ತದೆ. ಹಾಗೆ ಸಿಗುವ ಸಾಂದ್ರೀಕೃತ ಅದಿರಿನಲ್ಲಿ ನೂರಕ್ಕೆ ಸುಮಾರು 67 ಭಾಗ ಕಬ್ಬಿಣ. ಸಂಡೂರಿನ ಒಳ್ಳೆಯ ಗಟ್ಟಿ ಅದಿರಿಗಿಂತಲೂ ಶುದ್ಧ. ತೊಂದರೆ ಇದ್ದದ್ದು ಅರೆಯುವುದರಲ್ಲಿ. ಅದಿರು ಸಂಸ್ಕರಣೆಯಲ್ಲಿ ವಿದ್ಯುತ್ತನ್ನು ನುಂಗುವ ಹಂತವೆಂದರೆ ಅರೆಯುವುದೇ. ಬೆಣಚು ಗಟ್ಟಿ ಕಲ್ಲು, ಅದರೊಳಗಿನ ಮ್ಯಾಗ್ನೆಟೈಟ್ ಕಣ ಸಣ್ಣದು.

ಮಳೆ ಈ ಲೆಕ್ಕದಲ್ಲಿ ಮೊದಲ ಬಾರಿ ಬರುವುದು ಇಲ್ಲಿ. ಕುದುರೆಮುಖದಲ್ಲಿ ವರ್ಷಕ್ಕೆ ಆರರಿಂದ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಎಣಿಸಲಾರದಷ್ಟು ಮಳೆಗಾಲಗಳಲ್ಲಿ ಆ ನೀರು ಬೆಟ್ಟದ ನೆತ್ತಿಯಿಂದ ಬಂಡೆಯೊಳಗೆ ಇಳಿದಿದೆ. ಬೆಣಚಿನ ಸಿಲಿಕಾವನ್ನು ಸ್ವಲ್ಪಸ್ವಲ್ಪವೇ ಕರಗಿಸಿ ಒಯ್ದಿದೆ, ಪಟ್ಟೆಗಳ ನಡುವಿನ ಬಿಗಿಯನ್ನು ಸಡಿಲಿಸಿದೆ. ಹಾಗಾಗಿ ಗಣಿ ಇದ್ದ ಆರೋಳಿಯ ಬೆಟ್ಟದಲ್ಲಿ ಎರಡು ಬಗೆಯ ಅದಿರು. ಮೇಲೆ ಟೋಪಿಯಂತೆ ಕೂತದ್ದು ಶಿಥಿಲಗೊಂಡ ಅದಿರು: ಮೆದು, ಪುಡಿಯಾಗುವಂಥದು, ಕಬ್ಬಿಣದ ಪಾಲೂ ತುಸು ಹೆಚ್ಚು. ಅದರಡಿಗೆ ಮಳೆ ಮುಟ್ಟದ ಮೂಲ ಬಂಡೆ: ಗಟ್ಟಿ, ಕಬ್ಬಿಣದ ಪಾಲು ಕಡಿಮೆ. ಯೋಜನೆ ಕಟ್ಟಿದ್ದು ಮೇಲಿನದರ ಮೇಲೆ. ಬಡ ಅದಿರು ಲಾಭದ ಅದಿರಾದದ್ದು ಅರೆಯುವ ಕೆಲಸದಲ್ಲಿ ಒಂದು ಪಾಲನ್ನು ಮಳೆ ಮೊದಲೇ ಮಾಡಿಟ್ಟಿದ್ದರಿಂದ. ಈ ಪ್ರಕರಣದಲ್ಲಿ ನೆನಪಿಡಬೇಕಾದ ಒಂದೇ ಸಂಗತಿ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಇರಾನಿನ ಹಣ

ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ 1960ರ ದಶಕದಲ್ಲಿ ಇಲ್ಲಿ ಪರಿಶೋಧನೆ ನಡೆಸಿತು. 1969ರಲ್ಲಿ ಮೂವತ್ತು ವರ್ಷಕ್ಕೆ ಗಣಿ ಗುತ್ತಿಗೆ ಸಿಕ್ಕಿತು. ಆದರೆ ಘಟ್ಟದ ನಡುವೆ ಸಂಸ್ಕರಣಾ ಘಟಕ, ಕೊಳವೆ ಮಾರ್ಗ, ಅಣೆಕಟ್ಟು, ಬಂದರಿನ ವ್ಯವಸ್ಥೆ ಎಲ್ಲವನ್ನೂ ಒಂದೇ ಏಟಿಗೆ ಕಟ್ಟುವಷ್ಟು ಬಂಡವಾಳ ಕೈಯಲ್ಲಿರಲಿಲ್ಲ. ಹಣ ಬಂದದ್ದು ತೈಲದ ಬೆಲೆ ಏರಿ ಶ್ರೀಮಂತವಾಗಿದ್ದ ಇರಾನಿನಿಂದ. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ಭಾರತ 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರೀಕೃತ ಅದಿರು ಕೊಡಬೇಕು. ಇರಾನಿಗೆ ಇದು ಹೊಂದುವಂಥದೇ. ಅಲ್ಲಿ ನೈಸರ್ಗಿಕ ಅನಿಲ ಧಾರಾಳ. ಅನಿಲ ಬಳಸಿ, ಅದಿರನ್ನು ಕರಗಿಸದೆ ಅದರ ಆಮ್ಲಜನಕವನ್ನಷ್ಟೇ ತೆಗೆದು ಕಬ್ಬಿಣ ಮಾಡುವ ಘಟಕಗಳಲ್ಲಿ ಕಿಟ್ಟ ಬೇರೆಯಾಗುವುದಿಲ್ಲ, ಅದಿರಿನಲ್ಲಿದ್ದ ಕಲ್ಮಶ ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಶುದ್ಧ ಅದಿರೇ ಬೇಕು.

1976ರ ಏಪ್ರಿಲ್‌ನಲ್ಲಿ ಕುದುರೆಮುಖ ಐರನ್ ಓರ್ ಕಂಪನಿ ಹುಟ್ಟಿತು. ಮಲ್ಲೇಶ್ವರ ಎಂಬ ಹಳ್ಳಿಯಿದ್ದ ಕಡೆ ಪಟ್ಟಣ ಎದ್ದಿತು. 1980ರಲ್ಲಿ ಘಟಕ ಸಿದ್ಧವಾಯಿತು. ಆ ಮಳೆಯಲ್ಲಿ, ಆ ರಸ್ತೆಗಳಲ್ಲಿ, ನಾಲ್ಕೈದು ವರ್ಷದಲ್ಲಿ ಇಷ್ಟು ದೊಡ್ಡ ಕೆಲಸ ಮುಗಿಸಿದ್ದು ನಿಜಕ್ಕೂ ಹೆಮ್ಮೆಯ ಮಾತು. ಅದನ್ನು ಕಟ್ಟಿದ ಎಂಜಿನಿಯರುಗಳ, ಕೂಲಿಕಾರರ ದುಡಿಮೆಗೆ ಯಾವ ತೀರ್ಪೂ ಕುಂದು ತರುವುದಿಲ್ಲ. ಅಷ್ಟರಲ್ಲಿ 1979ರ ಕ್ರಾಂತಿಯಲ್ಲಿ ಷಾ ಪದಚ್ಯುತನಾಗಿದ್ದ. ಇರಾನ್ ಸಾಲದ ಉಳಿದ ಕಂತು ಕೊಡಲಿಲ್ಲ, ಅದಿರನ್ನೂ ಕೊಳ್ಳಲಿಲ್ಲ. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ ಗಣಿಗೆ ಗಿರಾಕಿಯೇ ಇಲ್ಲ. ರೊಮೇನಿಯಾದಂಥ ದೇಶಗಳು, ಆಮೇಲೆ ಜಪಾನ್, ಚೀನಾಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. 1987ರಲ್ಲಿ ಮಂಗಳೂರಿನಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ, ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ಘಟಕ ಶುರುವಾದದ್ದೂ ನುಣ್ಣನೆಯ ಪುಡಿಗೆ ಮಾರುಕಟ್ಟೆ ಕಂಡುಕೊಳ್ಳುವ ಪ್ರಯತ್ನದ ಭಾಗ.

ಘಟಕದೊಳಗೆ

ಪೂರ್ಣ ಸಾಮರ್ಥ್ಯದಲ್ಲಿ ವರ್ಷಕ್ಕೆ ಸುಮಾರು 2.25 ಕೋಟಿ ಟನ್ ಅದಿರು ಒಳಗೆ, 75 ಲಕ್ಷ ಟನ್ ಸಾಂದ್ರೀಕೃತ ಅದಿರು ಹೊರಗೆ. ಮೂರಕ್ಕೆ ಒಂದು. ಗಣಿಯಿಂದ ಬಂದ ಅದಿರನ್ನು ಮೊದಲು ಒಡೆದು, ದೊಡ್ಡ ಉರುಳುವ ಗಿರಣಿಗಳಿಗೆ ಹಾಕುತ್ತಿದ್ದರು. ಇವುಗಳಲ್ಲಿ ಉಕ್ಕಿನ ಗುಂಡು ಇರುವುದಿಲ್ಲ. ಅದಿರಿನ ದಪ್ಪ ತುಂಡುಗಳೇ ಸಣ್ಣ ತುಂಡುಗಳನ್ನು ಅರೆಯುತ್ತವೆ. ಮೆದು ಅದಿರೂ ಗಟ್ಟಿ ಅದಿರೂ ಸರಿಯಾದ ಬೆರಕೆಯಲ್ಲಿ ಬಂದರೆ ಮಾತ್ರ ಇದು ನಡೆಯುತ್ತದೆ. ಬರೀ ಮೆದು ಬಂದರೆ ಅರೆಯುವ ಕಲ್ಲೇ ಇಲ್ಲದಂತಾಗುತ್ತದೆ, ಬರೀ ಗಟ್ಟಿ ಬಂದರೆ ಗಿರಣಿಯ ವೇಗ ಬೀಳುತ್ತದೆ. ಹಾಗಾಗಿ ಯಾವ ಮೆಟ್ಟಿಲಿನಿಂದ ಇವತ್ತು ಎಷ್ಟು ಅಗೆಯಬೇಕು ಎಂಬ ಗಣಿಯವರ ತೀರ್ಮಾನದ ಮೇಲೆ ಗಿರಣಿಯವರ ಇಡೀ ಪಾಳಿ ನಿಂತಿರುತ್ತದೆ.

ಅರೆದದ್ದು ಅಯಸ್ಕಾಂತದ ಉರುಳೆಗಳಿಗೆ ಹೋಗುತ್ತದೆ. ಮಳೆ ಮಾಡಿದ ಉಪಕಾರದ ಬೆಲೆ ಗೊತ್ತಾಗುವುದು ಈ ಹಂತದಲ್ಲಿ. ಬಂಡೆಯನ್ನು ಮೆದು ಮಾಡಿದ ಅದೇ ನೀರು, ಅದೇ ಗಾಳಿ ಮ್ಯಾಗ್ನೆಟೈಟನ್ನೂ ಬಿಟ್ಟಿಲ್ಲ. ಆಮ್ಲಜನಕ ತಾಗಿ ಅದು ಮಾರ್ಟೈಟ್ ಆಗಿದೆ, ಅಂದರೆ ಮ್ಯಾಗ್ನೆಟೈಟಿನ ಹರಳಿನ ಆಕಾರದಲ್ಲೇ ಉಳಿದ ಹೆಮಟೈಟ್. ಒಂದಿಷ್ಟು ಭಾಗ ಹಳದಿ ಗೋಥೈಟ್ ಆಗಿದೆ. ಇವು ಸಾಮಾನ್ಯ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಬ್ಬಿಣವೇ, ಆದರೆ ಉರುಳೆಯ ಕಣ್ಣಿಗೆ ಬೀಳದ ಕಬ್ಬಿಣ. ಅದನ್ನು ಹಿಡಿಯಲು ಸುರುಳಿ ಕಾಲುವೆಗಳನ್ನಿಟ್ಟರು. ಸುತ್ತಿಕೊಂಡು ಇಳಿಯುವ ನೀರಿನಲ್ಲಿ ಭಾರದ ಕಣ ಒಳಮಗ್ಗುಲಿಗೆ, ಹಗುರದ ಬೆಣಚು ಹೊರಮಗ್ಗುಲಿಗೆ ಸರಿಯುತ್ತದೆ. ಮುಂದೆ ಸಿಲಿಕಾವನ್ನು ಇನ್ನೂ ಇಳಿಸಲು ನೊರೆ ತೇಲಿಸುವ ವಿಧಾನವೂ ಬಂತು. ಆದರೂ ತೀರಾ ನುಣುಪಾದ ಕಣಗಳಿಗೆ ಸುರುಳಿಯೂ ಸಾಲದು. ಅವು ನೀರಿನ ಜೊತೆಗೇ ಹೋಗಿಬಿಡುತ್ತವೆ.

ಒಂದು ಸರಳ ಲೆಕ್ಕ ಹಾಕಿ ನೋಡಬಹುದು. ನೂರಕ್ಕೆ 36 ಕಬ್ಬಿಣವಿರುವ ಮೂರು ಟನ್ ಅದಿರಿನಲ್ಲಿ ಒಟ್ಟು 1.08 ಟನ್ ಕಬ್ಬಿಣ. ಹೊರಬಂದ ಒಂದು ಟನ್ ಸಾಂದ್ರೀಕೃತ ಅದಿರಿನಲ್ಲಿ 0.67 ಟನ್. ಮಿಕ್ಕ 0.41 ಟನ್ ಕಬ್ಬಿಣ ಎರಡು ಟನ್ ತ್ಯಾಜ್ಯದಲ್ಲಿ ಉಳಿಯಿತು. ಅಂದರೆ ತ್ಯಾಜ್ಯದ ಐದರಲ್ಲೊಂದು ಪಾಲು ಕಬ್ಬಿಣ. ಅಗೆದ ಕಬ್ಬಿಣದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೈತಪ್ಪಿತು. ಇದು ಘಟಕ ನಡೆಸಿದವರ ಅಸಡ್ಡೆಯಲ್ಲ, ಅದಿರಿನ ಜಾಯಮಾನ. ಮೆದುವಾದದ್ದಕ್ಕೆ ತೆತ್ತ ಸುಂಕ.

ತ್ಯಾಜ್ಯಕ್ಕಾಗಿ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದರು. ಹಂತಹಂತವಾಗಿ ಎತ್ತರಿಸಿ ಅದು ಸುಮಾರು ನೂರು ಮೀಟರ್ ಎತ್ತರಕ್ಕೆ ಬಂತು. ಕಣಗಳು ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರನ್ನು ಘಟಕ ಮತ್ತೆ ಬಳಸಿಕೊಳ್ಳುತ್ತದೆ. ಕೆಂಪು ಹೂಳಿನ ಮೇಲೆ ಹಸಿರು ನೀರು ನಿಂತ ಆ ಕಣಿವೆಯನ್ನು ಸರೋವರ ಎಂದುಕೊಂಡು ಫೋಟೊ ತೆಗೆದುಕೊಂಡವರು ಬಹಳ ಜನ.

ಸಾಂದ್ರೀಕೃತ ಅದಿರು ಮಂಗಳೂರಿಗೆ ಹೋದ ಬಗೆ ಆ ಕಾಲಕ್ಕೆ ಈ ದೇಶದಲ್ಲಿ ಹೊಸದು. ಲಾರಿಯಲ್ಲ, ರೈಲಲ್ಲ. ಪುಡಿಯನ್ನು ದೋಸೆಹಿಟ್ಟಿನಂತೆ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಇಳಿಯಲು ಘಟ್ಟದ ಎತ್ತರವೇ ನೆರವು. ಇಂಥ ಕೊಳವೆಯಲ್ಲಿ ವೇಗವನ್ನು ಎರಡೂ ಕಡೆಯಿಂದ ಕಾಯಬೇಕು: ನಿಧಾನವಾದರೆ ಭಾರದ ಕಣ ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ, ಜೋರಾದರೆ ಕೊಳವೆಯ ಒಳಗೋಡೆಯನ್ನೇ ಉಜ್ಜಿ ತಿನ್ನುತ್ತದೆ. ಘಟ್ಟ ಇಳಿಯುವಾಗ ಎರಡೂ ಅಪಾಯ ಒಟ್ಟಿಗೇ ಇರುತ್ತವೆ. ಕೊಳವೆ ಒಡೆದು ಅದಿರಿನ ರಾಡಿ ಗದ್ದೆ, ತೋಡುಗಳಿಗೆ ನುಗ್ಗಿದ ಸಂದರ್ಭಗಳೂ ಇದ್ದವು. ಹಾಗಿದ್ದರೂ ಅಷ್ಟು ಅದಿರು ಲಾರಿಗಳಲ್ಲಿ ಆ ರಸ್ತೆಯಲ್ಲಿ ಇಳಿದಿದ್ದರೆ ಕಾಡಿನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಕೊಳವೆಯ ಆಯ್ಕೆ ಸರಿಯೇ ಅನ್ನಿಸುತ್ತದೆ.

ನದಿಯ ಲೆಕ್ಕ

ಇಲ್ಲಿ ಬಹಳ ಜನ ಎರಡು ವಿಷಯಗಳನ್ನು ಕಲಸಿಬಿಡುತ್ತಾರೆ. ಲಕ್ಯಾ ಅಣೆಕಟ್ಟು ಹಿಡಿದಿಟ್ಟದ್ದು ಘಟಕದಿಂದ ಬಂದ ತ್ಯಾಜ್ಯವನ್ನು. ಗಣಿಯ ಮೆಟ್ಟಿಲುಗಳು, ಸುರಿದ ಮಣ್ಣಿನ ರಾಶಿಗಳು, ಒಳರಸ್ತೆಗಳು ಇವೆಲ್ಲ ತೆರೆದ ಆಕಾಶದ ಕೆಳಗೆ ಬೋಳಾಗಿ ಇದ್ದವು. ಅವುಗಳ ಮೇಲೆ ಬಿದ್ದ ಮಳೆ ಇಳಿದದ್ದು ಪಕ್ಕದಲ್ಲೇ ಹರಿಯುವ ಭದ್ರೆಗೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಗಣಿ ಇದ್ದದ್ದು ನದಿಯ ತೊಟ್ಟಿಲಲ್ಲೇ.

ಅಲ್ಲಿನ ನೆಲ ಸಾಮಾನ್ಯವಾಗಿ ಹೂಳು ಬಿಡುವುದಿಲ್ಲ. ಮಡಿಲಲ್ಲಿ ಶೋಲಾ ಕಾಡು, ನೆತ್ತಿಯಲ್ಲಿ ಹುಲ್ಲು, ನೆಲಕ್ಕೆ ದಪ್ಪ ಹೊದಿಕೆ. ಎಷ್ಟೇ ಮಳೆ ಬಂದರೂ ಹೊಳೆ ಬೇಗ ತಿಳಿಯಾಗುತ್ತದೆ. ಆ ಹೊದಿಕೆಯನ್ನು ತೆಗೆದು ಶಿಥಿಲ ಅದಿರನ್ನು ಬಯಲಿಗೆಳೆದರೆ ಏನಾಗಬೇಕೋ ಅದೇ ಆಯಿತು. ಗಿರಣಿಗೆ ಸುಲಭವಾಗಿ ಪುಡಿಯಾದ ಅದಿರು ಮಳೆಯ ಹನಿಗೂ ಸುಲಭವಾಗಿ ಪುಡಿಯಾಯಿತು. ಗುಣ ಒಂದೇ, ಘಟಕದ ಗೋಡೆಯೊಳಗೆ ಅದು ಉಳಿತಾಯ, ಗೋಡೆಯ ಹೊರಗೆ ಅದು ಹೂಳು. ದಪ್ಪ ಕಣವನ್ನು ಚೆಕ್ ಡ್ಯಾಮುಗಳು ತಡೆಯಬಲ್ಲವು. ಗೋಥೈಟಿನ ನುಣುಪು ಕಣ ಸುಮ್ಮನೆ ನಿಂತ ನೀರಿನಲ್ಲೂ ತಳಕ್ಕಿಳಿಯಲು ಬಹಳ ಹೊತ್ತು ಬೇಕು. ಆಷಾಢದ ಪ್ರವಾಹದಲ್ಲಿ ಅದಕ್ಕೆ ಆ ಹೊತ್ತು ಸಿಗುವುದೇ ಇಲ್ಲ.

ಗಣಿಯ ಕೊನೆಯ ವರ್ಷಗಳಲ್ಲಿ ಭದ್ರೆಯ ಹೂಳನ್ನು ಮಳೆಗಾಲದಲ್ಲಿ ಅಳೆದ ಸಂಶೋಧನೆ ತೋರಿಸಿದ್ದೂ ಇದನ್ನೇ. ಜಲಾನಯನದ ಚಿಕ್ಕ ತುಂಡಾಗಿದ್ದ ಗಣಿ ಪ್ರದೇಶದಿಂದ ಬಂದ ಹೂಳಿನ ಪಾಲು ಅದರ ವಿಸ್ತಾರಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಅದೂ ವರ್ಷವಿಡೀ ಸಮವಾಗಿ ಬರುವುದಲ್ಲ. ಜಡಿಮಳೆಯ ಕೆಲವೇ ದಿನಗಳಲ್ಲಿ ವರ್ಷದ ಹೂಳಿನ ದೊಡ್ಡ ಭಾಗ ಹೋಗಿಬಿಡುತ್ತದೆ. ಹಾಗಾಗಿ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿದವರಿಗೆ ನದಿ ಸಹಜವಾಗೇ ಕಾಣಿಸಬಹುದು. ಗಣಿಯಿಂದ ತೊಂದರೆ ಇಲ್ಲ ಎಂದವರೂ ಇದೆ ಎಂದವರೂ ಬೇರೆ ಬೇರೆ ದಿನಗಳ ನೀರನ್ನು ನೋಡಿ ಮಾತಾಡಿದರೆ ವಾದ ಮುಗಿಯುವುದಿಲ್ಲ. ಅಳತೆ ಯಾವಾಗ ಮಾಡಿದಿರಿ ಎಂಬುದು ಎಷ್ಟು ಬಂತು ಎಂಬಷ್ಟೇ ಮುಖ್ಯ.

ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆಯ ಭತ್ತ, ಅಡಿಕೆ, ಕಬ್ಬು ನಿಂತಿರುವುದು ಆ ನೀರಿನ ಮೇಲೆ. ಹೂಳು ಕೂತಷ್ಟೂ ನೀರಿಗೆ ಜಾಗ ಕಡಿಮೆ. ಕುದುರೆಮುಖದ ಹೋರಾಟ ಬರೀ ಸಿಂಗಳೀಕದ, ಶೋಲಾ ಕಾಡಿನ ಪ್ರಶ್ನೆಯಾಗಿ ಉಳಿಯದೆ ಬಯಲಿನ ರೈತರನ್ನೂ ತಲುಪಿದ್ದು ಇದರಿಂದ.

ತೀರ್ಪು

ಯೋಜನೆ ಶುರುವಾದಾಗ ಇದನ್ನೆಲ್ಲ ಅಳೆಯಿರಿ ಎಂದು ಹೇಳುವ ಕಾನೂನೇ ಇರಲಿಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದು 1980ರಲ್ಲಿ, ಪರಿಸರ ಪರಿಣಾಮದ ಅಧಿಸೂಚನೆ 1994ರಲ್ಲಿ. ಇವೆರಡರ ನಡುವೆ 1987ರಲ್ಲಿ ರಾಜ್ಯ ಸರ್ಕಾರ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶವನ್ನು ಘೋಷಿಸಿತು. ಗುತ್ತಿಗೆ 1999ರ ಜುಲೈಗೆ ಮುಗಿಯಿತು. ಕಂಪನಿಗೆ ನವೀಕರಣ ಬೇಕಿತ್ತು, ಹತ್ತಿರದ ನೆಲ್ಲಿಬೀಡು, ಗಂಗಡಿಕಲ್ಲಿನ ಅದಿರಿನ ಕಡೆಗೂ ಕಣ್ಣಿತ್ತು. ಆರೋಳಿಯ ಟೋಪಿ ತೆಳುವಾಗುತ್ತ ಬಂದಿತ್ತಲ್ಲ. ತಾತ್ಕಾಲಿಕ ಪರವಾನಗಿಗಳಲ್ಲಿ ಕೆಲಸ ಸಾಗಿತು. ವನ್ಯಜೀವಿ ಸಂರಕ್ಷಣೆಗೆ ಹೆಸರಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು.

ತೀರ್ಪಿನ ಒಂದು ವಿವರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಗಣಿಗಾರಿಕೆ 2005ರ ಕೊನೆಯವರೆಗೆ ನಡೆಯಬಹುದು, ಆಗಲೇ ಅಗೆದು ತೆರೆದಿರುವ ಜಾಗದಲ್ಲಿ ಮಾತ್ರ, ಅಷ್ಟರೊಳಗೆ ಅಲ್ಲಿನ ಶಿಥಿಲ ಅದಿರು ಮುಗಿಯುತ್ತದೆ ಎಂಬ ನೆಲೆಯಲ್ಲಿ ಅವಧಿ ಗೊತ್ತುಮಾಡಲಾಗಿತ್ತು. ಗಣಿಯ ಆಯಸ್ಸನ್ನು ಕೊನೆಗೆ ಅಳೆದದ್ದೂ ಮಳೆ ಹದ ಮಾಡಿದ ಅದಿರಿನಿಂದಲೇ. ಕೆಳಗಿನ ಗಟ್ಟಿ ಬಂಡೆ ಹಾಗೇ ಉಳಿಯಿತು, ಈಗಲೂ ಇದೆ.

ಕೆಲಸ ಹೋದವರ ಸಂಕಟ ದೊಡ್ಡದು. ಶಾಲೆ, ಆಸ್ಪತ್ರೆ, ಮಾರುಕಟ್ಟೆಯಿದ್ದ ಪಟ್ಟಣ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಉದ್ಯಾನದೊಳಗಿನ ಕೃಷಿಕರೂ ಮಲೆಕುಡಿಯರೂ ಒಕ್ಕಲೆಬ್ಬಿಸುವ ಭಯದಲ್ಲಿ ಬದುಕಿದರು. ಗಣಿ ಮುಚ್ಚಬೇಕು ಎಂದು ಒಪ್ಪುವವರು ಈ ಎರಡನ್ನೂ ಜೊತೆಗೇ ಹೇಳಬೇಕು ಎಂದು ನನ್ನ ಅಭಿಪ್ರಾಯ.

ಮುಚ್ಚಿದ ಮೇಲೆ

ಗಣಿ ನಿಂತಿತು, ಮಂಗಳೂರಿನ ಪೆಲೆಟ್ ಘಟಕ ನಿಲ್ಲಲಿಲ್ಲ. ಅದಕ್ಕೆ ಛತ್ತೀಸಗಢದ ಬೈಲಾಡಿಲದಿಂದ ಎನ್‌ಎಂಡಿಸಿಯ ಹೆಮಟೈಟ್ ತರಿಸಿದರು. ರೈಲಿನಲ್ಲಿ ವಿಶಾಖಪಟ್ಟಣಕ್ಕೆ, ಅಲ್ಲಿಂದ ಹಡಗಿನಲ್ಲಿ ಇಡೀ ದಕ್ಷಿಣ ಭಾರತವನ್ನು ಬಳಸಿಕೊಂಡು ಮಂಗಳೂರಿಗೆ. ಸಾಗಣೆಯ ಖರ್ಚು ಎಲ್ಲರಿಗೂ ಕಾಣುತ್ತದೆ. ಅಷ್ಟಾಗಿ ಕಾಣದ ಇನ್ನೊಂದು ಖರ್ಚಿದೆ. ಪೆಲೆಟ್ಟನ್ನು 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡಬೇಕು. ಮ್ಯಾಗ್ನೆಟೈಟ್ ಸುಡುವಾಗ ಹೆಮಟೈಟ್ ಆಗಿ ಮಾರ್ಪಡುತ್ತ ತಾನೇ ಶಾಖ ಬಿಡುತ್ತದೆ, ಪೆಲೆಟ್ ಒಳಗಿನಿಂದಲೂ ಬೇಯುತ್ತದೆ, ಇಂಧನ ಉಳಿಯುತ್ತದೆ. ಹೆಮಟೈಟ್ ಆಗಲೇ ಪೂರ್ತಿ ಉತ್ಕರ್ಷಣೆಗೊಂಡದ್ದು, ಅದರಲ್ಲಿ ಆ ಶಾಖವಿಲ್ಲ. ಕುದುರೆಮುಖದ ಪುಡಿ ಅರೆದೇ ಬರುತ್ತಿತ್ತು, ಹೊಸ ಅದಿರನ್ನು ಇಲ್ಲೇ ಅರೆಯಬೇಕು. ಒಂದು ಅದಿರಿಗೆಂದು ಕಟ್ಟಿದ ಘಟಕಕ್ಕೆ ಇನ್ನೊಂದು ಅದಿರು ಹಾಕಿದಾಗ ಪ್ರತಿ ಹಂತದಲ್ಲೂ ಖರ್ಚು ಏರುತ್ತದೆ. ಘಟಕ ಆಗಾಗ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಲಕ್ಯಾ ಅಣೆಕಟ್ಟಿನ ಹಿಂದಿನ ತ್ಯಾಜ್ಯವನ್ನು ಮತ್ತೆ ಸಂಸ್ಕರಿಸಬಾರದೇ ಎಂಬ ಮಾತು ಆಗಾಗ ಬರುತ್ತದೆ. ಐದರಲ್ಲೊಂದು ಪಾಲು ಕಬ್ಬಿಣ ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿರುವುದು ಅಯಸ್ಕಾಂತವೂ ಸುರುಳಿಯೂ ಬಿಟ್ಟುಬಿಟ್ಟ ಕಬ್ಬಿಣ, ಬಹುಪಾಲು ನುಣುಪು ಹೆಮಟೈಟ್ ಮತ್ತು ಗೋಥೈಟ್. ಪ್ರಬಲ ಕ್ಷೇತ್ರದ ಅಯಸ್ಕಾಂತಗಳಿಂದ, ಆಯ್ದು ತೇಲಿಸುವ ವಿಧಾನಗಳಿಂದ ಇದರಲ್ಲೊಂದು ಭಾಗವನ್ನು ಪಡೆಯಬಹುದು. ಅದಕ್ಕೆ ಕಣಿವೆಯಲ್ಲಿ ನೆಲೆಗೊಂಡ ಹೂಳನ್ನು ಕದಡಬೇಕು. ರಾಷ್ಟ್ರೀಯ ಉದ್ಯಾನದ ನಡುವೆ, ಅದೇ ಮಳೆಯ ಕೆಳಗೆ. ಈ ಪ್ರಸ್ತಾವಕ್ಕೆ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಈಗ ಬೇಕಿರುವುದು ಅಣೆಕಟ್ಟಿನ ಕೋಡಿ, ಬಸಿನೀರು, ಒಡ್ಡಿನ ಸ್ಥಿರತೆ ಇವುಗಳ ಮೇಲೆ ಪ್ರತಿ ಮಳೆಗಾಲ ತಪ್ಪದ ಕಾವಲು. ನೂರು ಮೀಟರ್ ಎತ್ತರದ ತ್ಯಾಜ್ಯದ ಒಡ್ಡು ಗಣಿ ಮುಚ್ಚಿದ ಮಾತ್ರಕ್ಕೆ ಮುಚ್ಚುವುದಿಲ್ಲ.

ಕಂಪನಿಗೆ ಈಗ ಸಂಡೂರಿನ ದೇವದಾರಿ ಬೆಟ್ಟದ ಮೇಲೆ ಕಣ್ಣು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅಲ್ಲಿನ ಗಣಿ ಯೋಜನೆಯ ಕಡತಕ್ಕೆ ಸಹಿ ಮಾಡಿದರು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಕುದುರೆಮುಖದ ಹಳೆಯ ಬಾಕಿಗಳನ್ನು ಮುಂದಿಟ್ಟು ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದರು. ದೇವದಾರಿಯ ಅದಿರು ಬೇರೆ, ಅಲ್ಲಿನ ಮಳೆಯೂ ಮಲೆನಾಡಿಗಿಂತ ಬಹಳ ಕಡಿಮೆ. ಆದರೆ ಸಂಡೂರಿನ ಮಳೆ ಬಿದ್ದರೆ ಒಮ್ಮೆಲೇ ಬೀಳುವಂಥದು, ಹೂಳು ಹೋಗುವುದು ಸುತ್ತಲಿನ ಕೆರೆಗಳಿಗೆ, ತುಂಗಭದ್ರೆಯ ಕಡೆಗೆ. ಅಲ್ಲಿನ ಹಳ್ಳಗಳಲ್ಲಿ ಜಡಿಮಳೆಯ ದಿನದ ಹೂಳನ್ನು ಗಣಿ ಶುರುವಾಗುವ ಮೊದಲೇ, ಕನಿಷ್ಠ ಕೆಲವು ಮಳೆಗಾಲ, ಅಳೆದು ದಾಖಲಿಸಿ ಎಲ್ಲರಿಗೂ ಸಿಗುವಂತೆ ಇಡಬೇಕು. ಗಿರಣಿಗಾಗಿ ಅದಿರಿನ ಗಡಸುತನ ಪರೀಕ್ಷಿಸುವ ದಿನವೇ ಅದೇ ಮಾದರಿಯ ಮೇಲೆ ನೀರು ಸುರಿದು ಎಷ್ಟು ಕರಗಿ ಹೋಗುತ್ತದೆ ಎಂದೂ ನೋಡಬಹುದು. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಪ್ರಯೋಗಾಲಯದಲ್ಲಿರುವ ಜರಡಿ, ತಕ್ಕಡಿ, ನಲ್ಲಿ ಸಾಕು.